ಮೂಕಿ ಉದ್ದ ಮಾಡುವ ಮೊದಲು ದೋಣಿಯನ್ನು ತಗ್ಗಿಸಿ

ಪ್ರಶ್ನೆ: ನಾವು ಅಮೆರಿಕದ ಮಿಶಿಗನ್ ರಾಜ್ಯದಲ್ಲಿ, ಡೆಟ್ರಾಯಿಟ್ ಹತ್ತಿರ ಇದ್ದೇವೆ. ಎರಡು ವರ್ಷದ ಹಿಂದೆ 16 ಅಡಿಯ ಹಳೆಯ ಅಲ್ಯೂಮಿನಿಯಂ ದೋಣಿಯೊಂದನ್ನು ಟ್ರೇಲರ್ ಸಮೇತ ಕೊಂಡೆವು. 40 ಅಶ್ವಶಕ್ತಿಯ ಮೋಟಾರು ಇದೆ. ಸೇಂಟ್ ಕ್ಲೇರ್ ಸರೋವರದಲ್ಲಿ ಮೀನು ಹಿಡಿಯಲು ಹೋಗುತ್ತೇವೆ. ದೋಣಿಯನ್ನು ನೀರಿಗಿಳಿಸಲು ನಾವು ಬಳಸುವ ಕಾಂಕ್ರೀಟ್ ಇಳಿಜಾರು, ಅಂದರೆ ರ‍್ಯಾಂಪ್ ತೀರಾ ಸಪಾಟಾಗಿದೆ. ದೋಣಿ ತೇಲುವ ಹೊತ್ತಿಗೆ ಕಾರಿನ ಹಿಂದಿನ ಚಕ್ರಗಳು ನೀರಿನಲ್ಲಿರುತ್ತವೆ. ಮರಳಿ ಹತ್ತಿಸುವಾಗ ಗಾಳಿಗೆ ದೋಣಿ ವಾರೆಯಾಗಿ ಬಂದು ಕೂರುತ್ತದೆ. ನನ್ನ ಹೆಂಡತಿ ತೊಡೆಮಟ್ಟದ ತಣ್ಣೀರಿನಲ್ಲಿ ನಿಂತು ಅದನ್ನು ತಳ್ಳಬೇಕಾಗುತ್ತದೆ. ಟ್ರೇಲರಿನ ಮುಂದಿನ ತೊಲೆಗೆ 4 ಅಡಿ ಪೈಪು ಬೆಸೆದು ಉದ್ದ ಮಾಡಿ ಎಂದು ಒಬ್ಬ ಗೆಳೆಯರು ಹೇಳುತ್ತಾರೆ. ಹಲಗೆ ಕಿತ್ತು ಪೂರ್ತಿ ರೋಲರ್ ಹಾಕಿಸಿ ಎಂದು ಇನ್ನೊಬ್ಬರು. ಯಾವುದು ಸರಿ? ಅಳತೆಗಳನ್ನೂ ಚಿತ್ರಗಳನ್ನೂ ಕಳುಹಿಸಿದ್ದೇನೆ.

ಉತ್ತರ: ವೆಲ್ಡಿಂಗ್ ಅಂಗಡಿಗೆ ಹೋಗುವ ಮೊದಲೇ ಬರೆದಿರಿ, ಒಳ್ಳೆಯದಾಯಿತು. ನಿಮ್ಮ ಚಿತ್ರಗಳಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ದೋಣಿ ಕೂತಿರುವ ಎತ್ತರ. ಚಕ್ರಗಳು 13 ಇಂಚಿನ ಚಿಕ್ಕವು. ಆದರೂ ದೋಣಿ ಅಟ್ಟ ಹತ್ತಿದ ಹಾಗಿದೆ. ದೋಣಿಯನ್ನು ಹೊರುವ ಎರಡು ಉದ್ದ ಹಲಗೆಗಳ ಕೆಳಗಿನ ಕಬ್ಬಿಣದ ಕಾಲುಗಳನ್ನು ಗಮನಿಸಿ. ಪ್ರತಿ ಕಾಲಿನಲ್ಲೂ ಬೋಲ್ಟಿನ ಕೆಳಗೆ ಮೂರು ತೂತು ಖಾಲಿ ಇವೆ. ಹಿಂದಿನ ಮಾಲೀಕರು ಎಲ್ಲವನ್ನೂ ಮೇಲಿನ ತೂತಿಗೆ ಏರಿಸಿ ಹಾಗೆಯೇ ಬಿಟ್ಟಿದ್ದಾರೆ. ನಿಮ್ಮ ತೊಂದರೆಯ ಅರ್ಧ ಭಾಗ ಆ ಮೂರು ತೂತುಗಳಲ್ಲೇ ಇದೆ.

ನಾನು ಹುಟ್ಟಿ ಬೆಳೆದದ್ದು ಗಂಗೊಳ್ಳಿ ಕಡೆ. ಐದು ಹೊಳೆಗಳು ಸೇರುವ ಆ ಅಳಿವೆಯ ದಂಡೆಯಲ್ಲಿ ದೋಣಿ ಎಳೆಯುವಾಗ ಅಡಿಗೆ ಉರುಟು ಮರದ ತುಂಡುಗಳನ್ನು ಹಾಸುತ್ತಿದ್ದರು. ತೋಳಿನಷ್ಟು ದಪ್ಪದ ತುಂಡು ಸಾಕು. ತೊಡೆಯಷ್ಟು ದಪ್ಪದ್ದನ್ನು ನಾವು ಹುಡುಗರು ಹೊತ್ತು ತಂದರೆ ಹಿರಿಯರು ಬದಿಗೆ ಉರುಳಿಸಿಬಿಡುತ್ತಿದ್ದರು. ದೋಣಿ ನೆಲದಿಂದ ಮೇಲೆದ್ದಷ್ಟೂ ಅದನ್ನು ತೇಲಿಸಲು ಹೆಚ್ಚು ದೂರ ನೂಕಬೇಕು ಎಂಬುದು ಅವರಿಗೆ ಗೊತ್ತಿತ್ತು. ಇಲ್ಲಿ ಮಿಶಿಗನ್ನಿನಲ್ಲಿ ಟ್ರೇಲರ್ ಕಟ್ಟುವ, ರಿಪೇರಿ ಮಾಡುವ ಕೆಲಸಕ್ಕೆ ಇಳಿದ ಮೇಲೆ ಅದೇ ಮಾತನ್ನು ಅಳತೆಪಟ್ಟಿ ಹಿಡಿದು ಲೆಕ್ಕ ಹಾಕಿ ನೋಡಿದ್ದೇನೆ. ನಿಮಗೂ ಆ ಲೆಕ್ಕ ತೋರಿಸುತ್ತೇನೆ, ಏಕೆಂದರೆ ಅದು ಗೊತ್ತಾದರೆ ಮುಂದಿನ ಎಲ್ಲ ತೀರ್ಮಾನಗಳನ್ನು ನೀವೇ ಮಾಡಬಹುದು.

ಮೊದಲು ಒಂದು ಪದ. ಟ್ರೇಲರಿನ ಮುಂದಿನ ಉದ್ದನೆಯ ತೊಲೆಯನ್ನು ಇಲ್ಲಿಯವರು ನಾಲಗೆ ಎನ್ನುತ್ತಾರೆ. ನಮ್ಮ ಎತ್ತಿನ ಗಾಡಿಯ ಮೂಕಿ ಮಾಡುವ ಕೆಲಸವನ್ನೇ ಅದು ಮಾಡುತ್ತದೆ. ಹಾಗಾಗಿ ನಾನು ಮೂಕಿ ಎಂದೇ ಬರೆಯುತ್ತೇನೆ.

ಮುಂದಿನ ಸಲ ರ‍್ಯಾಂಪಿಗೆ ಹೋಗುವಾಗ 4 ಅಡಿಯ ರಸಮಟ್ಟವನ್ನು ಜೊತೆಗೆ ಒಯ್ಯಿರಿ. ನೀರಿನ ಅಂಚಿನ ಹತ್ತಿರ, ಒಣ ಕಾಂಕ್ರೀಟಿನ ಮೇಲೆ, ಇಳಿಜಾರಿನ ಗುಂಟ ಅದನ್ನು ಇಡಿ. ಕೆಳಗಿನ ತುದಿಯನ್ನು ನಿಧಾನವಾಗಿ ಎತ್ತುತ್ತಾ ಹೋಗಿ. ಗುಳ್ಳೆ ನಡುವಿಗೆ ಬಂದಾಗ ಆ ತುದಿಗೂ ಕಾಂಕ್ರೀಟಿಗೂ ನಡುವಿನ ಅಂತರವನ್ನು ಅಳೆಯಿರಿ. 6 ಇಂಚು ಬಂದರೆ ಅಡಿಗೆ ಒಂದೂವರೆ ಇಂಚಿನ ಇಳಿಜಾರು, ಅಂದರೆ ಶೇ. 12ಕ್ಕಿಂತ ತುಸು ಮೇಲೆ. ಒಳ್ಳೆಯ ರ‍್ಯಾಂಪುಗಳನ್ನು ಶೇ. 12ರಿಂದ 15ರ ಒಳಗೆ ಕಟ್ಟುತ್ತಾರೆ. 4 ಇಂಚು ಬಂದರೆ ಅಡಿಗೆ ಒಂದೇ ಇಂಚು, ಸುಮಾರು ಶೇ. 8. ನಿಮ್ಮ ಚಿತ್ರದಲ್ಲಿ ಕಾರು ನಿಂತಿರುವ ರೀತಿ ನೋಡಿದರೆ ನಿಮ್ಮದು ಈ ಎರಡನೆಯ ಬಗೆಯದು.

ಈಗ ನೀವು ಕಳುಹಿಸಿದ ಅಳತೆಗಳು. ಹಲಗೆಗಳ ಹಿಂತುದಿ ನೆಲದಿಂದ 21 ಇಂಚು ಮೇಲಿದೆ. ಸಾಮಾನೆಲ್ಲ ತುಂಬಿದ ದೋಣಿಯ ಹಿಂಬದಿ ನೀರಿನಲ್ಲಿ 10 ಇಂಚು ಮುಳುಗುತ್ತದೆ. ಹಿಂಬದಿ ಪೂರ್ತಿ ತೇಲಬೇಕಾದರೆ ಅಲ್ಲಿ ನೀರಿನ ಆಳ 31 ಇಂಚು ಬೇಕು. ಅಡಿಗೆ ಒಂದು ಇಂಚು ಇಳಿಯುವ ರ‍್ಯಾಂಪಿನಲ್ಲಿ ಅಷ್ಟು ಆಳ ಸಿಗುವುದು ನೀರಿನ ಅಂಚಿನಿಂದ 31 ಅಡಿ ಒಳಗೆ. ದೋಣಿಯ ಹಿಂಬದಿಯಿಂದ, ಟ್ರೇಲರ್ ಸಿಕ್ಕಿಸುವ ಕಾರಿನ ಕೊಕ್ಕೆಯ ಉಕ್ಕಿನ ಗುಂಡಿನವರೆಗೆ 20 ಅಡಿ, ಗುಂಡಿನಿಂದ ಕಾರಿನ ಹಿಂದಿನ ಚಕ್ರಕ್ಕೆ ಮೂರೂವರೆ ಅಡಿ, ಒಟ್ಟು ಇಪ್ಪತ್ತಮೂರೂವರೆ. ಉಳಿದ ಏಳೂವರೆ ಅಡಿಯಷ್ಟು ಕಾರು ನೀರಿಗೆ ಇಳಿದಿರುತ್ತದೆ. ಅಲ್ಲಿನ ಆಳ ಏಳೂವರೆ ಇಂಚು. ನೀವು ಬರೆದದ್ದೂ ಇದನ್ನೇ. ಅದೇ ಟ್ರೇಲರನ್ನು ಅಡಿಗೆ ಒಂದೂವರೆ ಇಂಚು ಇಳಿಯುವ ರ‍್ಯಾಂಪಿಗೆ ಒಯ್ದರೆ 21 ಅಡಿಗೆ ಮೊದಲೇ ದೋಣಿ ತೇಲುತ್ತದೆ, ಕಾರಿನ ಚಕ್ರ ನೀರಿಗಿಂತ ಎರಡೂವರೆ ಅಡಿಗೂ ಹೆಚ್ಚು ದೂರದಲ್ಲಿ ಒಣಗಿ ನಿಂತಿರುತ್ತದೆ.

ಸಪಾಟು ರ‍್ಯಾಂಪಿನಲ್ಲಿ ದೋಣಿಯನ್ನು ಒಂದು ಇಂಚು ತಗ್ಗಿಸಿದರೆ ಒಂದು ಅಡಿ ಹಿಂದಕ್ಕೆ ಹೋಗುವುದು ತಪ್ಪುತ್ತದೆ. ಇಡೀ ಉತ್ತರದಲ್ಲಿ ನೆನಪಿಡಬೇಕಾದ ಒಂದು ಸಂಗತಿ ಇದ್ದರೆ ಇದೇ. ನಿಮ್ಮ ಖಾಲಿ ತೂತುಗಳು ಒಂದೊಂದು ಇಂಚಿನ ಅಂತರದಲ್ಲಿವೆ. ಮೂರು ತೂತು ಇಳಿಸಿದರೆ ಮೂರು ಅಡಿ ಉಳಿಯಿತು. ಖರ್ಚು ಎಂಟು ಹೊಸ ಬೋಲ್ಟು ಮತ್ತು ಒಂದು ಮಧ್ಯಾಹ್ನ.

ಇಳಿಸುವಾಗ ಎರಡು ಕಡೆ ಕಣ್ಣಿಡಿ. ದೋಣಿಯ ತಳದ ನಡುವೆ ಉದ್ದಕ್ಕೂ ಚಾಚಿರುವ ಏಣು, ಅಂದರೆ ಕೀಲ್, ಅದಕ್ಕೂ ಟ್ರೇಲರಿನ ಅಡ್ಡತೊಲೆಗಳಿಗೂ ನಡುವೆ ಕನಿಷ್ಠ 2 ಇಂಚು ಬಿಡುವು ಇರಬೇಕು. ರಸ್ತೆಯ ಗುಂಡಿಗೆ ಚಕ್ರ ಬಿದ್ದಾಗ ಹಲಗೆ ಬಾಗುತ್ತದೆ, ಆಗ ಏಣು ಕಬ್ಬಿಣಕ್ಕೆ ಬಡಿಯಬಾರದು. ಹಾಗೆಯೇ ಚಕ್ರದ ಮೇಲಿನ ತಗಡಿಗೆ ದೋಣಿಯ ಪಕ್ಕೆ ತಾಗಬಾರದು. ನಿಮ್ಮ ಚಿತ್ರದಿಂದ ಅಳೆದರೆ ಏಣಿನ ಕೆಳಗೆ ಈಗ 5 ಇಂಚಿಗಿಂತ ಹೆಚ್ಚು ಜಾಗ ಇದೆ, ಮೂರು ಇಂಚು ಇಳಿಸಲು ಅಡ್ಡಿಯಿಲ್ಲ. ದೋಣಿಯನ್ನು ನೀರಿನಲ್ಲಿ ಕಟ್ಟಿಹಾಕಿ, ಖಾಲಿ ಟ್ರೇಲರಿನ ಮೇಲೆ ಕೆಲಸ ಮಾಡಿ. ತುಕ್ಕು ಹಿಡಿದ ನಟ್ಟುಗಳಿಗೆ ಹಿಂದಿನ ರಾತ್ರಿಯೇ ಎಣ್ಣೆ ಬಿಟ್ಟಿರಿ. ಹಲಗೆ ಮೂರು ಇಂಚು ಇಳಿದರೆ ಮುಂದಿನ ವಿಂಚ್ (ದೋಣಿಯನ್ನು ಟ್ರೇಲರಿಗೆ ಎಳೆಯುವ ಕೈರಾಟೆ) ಕಂಬವನ್ನೂ ಮೂರು ಇಂಚು ಇಳಿಸಬೇಕು. ಇದನ್ನು ಬಹಳ ಜನ ಮರೆಯುತ್ತಾರೆ, ಆಮೇಲೆ ದೋಣಿಯ ಮೂತಿ ಸರಿಯಾಗಿ ಕೂರುತ್ತಿಲ್ಲ ಎಂದು ತಲೆ ಕೆಡಿಸಿಕೊಳ್ಳುತ್ತಾರೆ.

ಹಲಗೆಗಳು ಕೈಯಲ್ಲಿರುವಾಗಲೇ ಅವುಗಳ ಮರವನ್ನು ನೋಡಿ. ಹಸಿರು ಛಾಯೆ ಇದ್ದರೆ ಅದು ಕೊಳೆಯದಂತೆ ತಾಮ್ರದ ಲವಣ ಕುಡಿಸಿದ ಮರ. ಮನೆಬಳಕೆಯ ಮರಕ್ಕೆ ಆರ್ಸೆನಿಕ್ ಬೆರೆಸುವುದು ಇಲ್ಲಿ 2003ರ ಕೊನೆಗೆ ನಿಂತ ಮೇಲೆ ಬಂದ ಹೊಸ ಬಗೆಗಳಲ್ಲಿ ತಾಮ್ರ ಹೆಚ್ಚು. ಹಲಗೆಗೆ ಹೊದಿಸಿದ ರತ್ನಗಂಬಳಿ ಒದ್ದೆಯಾಗಿ, ಅದರ ಮೂಲಕ ಆ ತಾಮ್ರ ಅಲ್ಯೂಮಿನಿಯಂಗೆ ತಾಗುತ್ತಲೇ ಇದ್ದರೆ ತಗಡಿನಲ್ಲಿ ಸಣ್ಣ ಸಣ್ಣ ಕುಳಿಗಳು ಬೀಳುತ್ತವೆ. ನಿಮ್ಮದು ಅಲ್ಯೂಮಿನಿಯಂ ದೋಣಿಯಾದ್ದರಿಂದ ಇದು ಮುಖ್ಯ. ದೋಣಿಯ ತಳದಲ್ಲಿ ಹಲಗೆ ಕೂರುವ ಗೆರೆಯುದ್ದಕ್ಕೂ ಬೆರಳಾಡಿಸಿ. ಬಿಳಿಯ ಪುಡಿ ಕೈಗೆ ಹತ್ತಿದರೆ, ಉಗುರಿಗೆ ಚುಕ್ಕಿಯಂಥ ತಗ್ಗುಗಳು ಸಿಕ್ಕರೆ ಹಲಗೆ ಬದಲಿಸುವ ಕೆಲಸವನ್ನು ಮುಂದೂಡಬೇಡಿ. ಔಷಧ ಕುಡಿಸದ ಡಗ್ಲಾಸ್ ಫರ್ ಮರ ತಂದು, ಎಲ್ಲ ಬದಿಗೂ ಎರಡು ಸಲ ಹೊರಾಂಗಣದ ವಾರ್ನಿಷ್ ಬಳಿದು ಹಾಕಿ. ಕೆಲವು ವರ್ಷದ ಮೇಲೆ ಮತ್ತೆ ಬದಲಿಸಬೇಕಾಗಬಹುದು. ದೋಣಿಯ ತಳ ಬದಲಿಸುವುದಕ್ಕಿಂತ ಅದು ಎಷ್ಟೋ ಅಗ್ಗ.

ಹೊಸ ಹಲಗೆ ಹಾಕುವುದಾದರೆ ಉದ್ದವನ್ನೂ ಸರಿಪಡಿಸಿ. ನಿಮ್ಮ ಮೂರನೆಯ ಚಿತ್ರದಲ್ಲಿ ದೋಣಿಯ ಹಿಂಬದಿ ಹಲಗೆಯ ತುದಿಯನ್ನು ದಾಟಿ ಸುಮಾರು ಒಂದು ಗೇಣು ಹೊರಗೆ ನಿಂತಿದೆ. ಮೋಟಾರಿನ ಭಾರವೆಲ್ಲ ಇರುವುದು ಅಲ್ಲಿಯೇ. ಆಧಾರವಿಲ್ಲದೆ ನೂರಾರು ಮೈಲಿ ಕುಲುಕಿದರೆ ತಳ ಅಲ್ಲಿ ಕೆಳಕ್ಕೆ ಬಾಗಿ ಕೊಕ್ಕೆಯಂತಾಗುತ್ತದೆ. ಆಮೇಲೆ ವೇಗದಲ್ಲಿ ದೋಣಿ ಮೂತಿಯನ್ನು ನೀರಿಗೆ ಒತ್ತುತ್ತದೆ. ಹಲಗೆಯ ತುದಿ ದೋಣಿಯ ಹಿಂಗೋಡೆಯ ಕೆಳಗೇ ಬರಬೇಕು, ಒಂದೆರಡು ಇಂಚು ಹೊರಗಿದ್ದರೂ ಸರಿ.

ಇನ್ನು ಹಲಗೆಯ ಮೇಲ್ಮೈ. ಈಗಿರುವ ರತ್ನಗಂಬಳಿ ದೋಣಿಯನ್ನು ಹಿಡಿದುಕೊಳ್ಳುತ್ತದೆ, ಅದಕ್ಕೇ ನೀವು ಪೂರ್ತಿ ತೇಲುವವರೆಗೂ ಹಿಂದಕ್ಕೆ ಹೋಗಬೇಕಾಗುತ್ತಿದೆ. ಅದರ ಬದಲು ಗಟ್ಟಿಯಾದ, ನುಣುಪಾದ ಪಾಲಿಎಥಿಲೀನ್ ಪಟ್ಟಿಗಳನ್ನು ಹಲಗೆಗೆ ಜಡಿಯಿರಿ. ದೋಣಿ ಅರ್ಧ ತೇಲಿದರೆ ಸಾಕು, ಒಂದು ನೂಕಿಗೆ ಜಾರಿ ಹೋಗುತ್ತದೆ. ನಾಲ್ಕು ಇಂಚು ಕಡಿಮೆ ನೀರಿನಲ್ಲಿ ಇಳಿಸಬಹುದು ಎಂದು ಧೈರ್ಯವಾಗಿ ಹೇಳುತ್ತೇನೆ. ನಾಲ್ಕು ಇಂಚು ಎಂದರೆ ನಿಮ್ಮ ರ‍್ಯಾಂಪಿನಲ್ಲಿ ನಾಲ್ಕು ಅಡಿ.

ಈ ಪಟ್ಟಿಗಳನ್ನು ಜಡಿಯುವ ಕ್ರಮದಲ್ಲಿ ಒಂದು ಸೂಕ್ಷ್ಮವಿದೆ. ಈ ಪ್ಲಾಸ್ಟಿಕ್ ಬಿಸಿಲಿಗೆ ಚೆನ್ನಾಗಿ ಹಿಗ್ಗುತ್ತದೆ. ಮಿಶಿಗನ್ನಿನ ಚಳಿಗಾಲಕ್ಕೂ ಜುಲೈ ಬಿಸಿಲಿಗೂ ನಡುವೆ 9 ಅಡಿಯ ಪಟ್ಟಿ ಅರ್ಧ ಇಂಚಿಗೂ ಹೆಚ್ಚು ಉದ್ದವಾಗುತ್ತದೆ. ಎಲ್ಲ ಸ್ಕ್ರೂಗಳನ್ನೂ ಬಿಗಿಯಾಗಿ ತಿರುಗಿಸಿಬಿಟ್ಟರೆ ಬೇಸಿಗೆಯಲ್ಲಿ ಪಟ್ಟಿ ಹಪ್ಪಳದಂತೆ ಉಬ್ಬುತ್ತದೆ. ಮುಂದಿನ ತುದಿಯ ಒಂದು ಸ್ಕ್ರೂ ಮಾತ್ರ ಬಿಗಿಯಾಗಿರಲಿ. ಉಳಿದವುಗಳಿಗೆ ಉದ್ದುದ್ದ ಸೀಳು ತೂತು ಕೊರೆದು, ಸ್ಕ್ರೂ ತಿರುಗಿಸಿ ನಿಂತ ಮೇಲೆ ಕಾಲು ಸುತ್ತು ಸಡಿಲ ಬಿಡಿ. ಸ್ಕ್ರೂಗಳು ತುಕ್ಕು ಹಿಡಿಯದ ಉಕ್ಕಿನವಾಗಿರಲಿ, ತಲೆಗಳು ಪಟ್ಟಿಯ ಮಟ್ಟದಿಂದ ಕಾಲು ಇಂಚಾದರೂ ಒಳಗೆ ಹೂತಿರಲಿ. ಅಂಗೈಯನ್ನು ಪಟ್ಟಿಯ ಮೇಲೆ ಒತ್ತಿ ಎಳೆಯಿರಿ. ಎಲ್ಲಾದರೂ ಲೋಹ ತಾಗಿದರೆ ಅದು ನಿಮ್ಮ ದೋಣಿಯ ತಳವನ್ನು ಗೀರುವ ಜಾಗ.

ಇಲ್ಲಿ ಒಂದು ಎಚ್ಚರಿಕೆಯನ್ನು ಗಟ್ಟಿಯಾಗಿ ಹೇಳಬೇಕು. ರತ್ನಗಂಬಳಿಯ ಕಾಲದಲ್ಲಿ ರ‍್ಯಾಂಪಿನ ಮೇಲ್ಗಡೆ ನಿಂತು ದೋಣಿಯನ್ನು ಕಟ್ಟಿದ ಎಲ್ಲ ಪಟ್ಟಿಗಳನ್ನೂ ಬಿಚ್ಚಿ, ಆಮೇಲೆ ಹಿಂದಕ್ಕೆ ಹೋಗುವ ಅಭ್ಯಾಸ ನಿಮಗಿದ್ದರೆ ಇಂದೇ ಬಿಡಿ. ನುಣುಪು ಪಟ್ಟಿಯ ಮೇಲಿನ ದೋಣಿಯನ್ನು ಇಳಿಜಾರಿನಲ್ಲಿ ಹಿಡಿದಿರುವುದು ವಿಂಚಿನ ಪಟ್ಟಿ ಮತ್ತು ಮೂತಿಯ ಸರಪಣಿ ಎರಡೇ. ಹಿಂಬದಿ ನೀರಿಗೆ ತಾಗಿ, ಮೋಟಾರು ಚಾಲೂ ಆಗಿ, ದೋಣಿಯೊಳಗಿನ ವ್ಯಕ್ತಿ ಕೈ ಎತ್ತಿ ತೋರಿಸುವವರೆಗೆ ಅವೆರಡನ್ನೂ ಮುಟ್ಟಬಾರದು. ಕಾಂಕ್ರೀಟಿನ ಮೇಲೆ ಮೋಟಾರು ಸಮೇತ ಬಿದ್ದ ದೋಣಿಗಳ ರಿಪೇರಿಗೆ ನನ್ನ ಕೈ ಸಾಕಷ್ಟು ಸವೆದಿದೆ.

ಮೂರು ಅಡಿ, ನಾಲ್ಕು ಅಡಿ, ಒಟ್ಟು ಏಳು ಅಡಿ ಉಳಿಯಿತು. 31 ಇದ್ದದ್ದು 24 ಆಯಿತು. ಕಾರಿನ ಚಕ್ರ ಈಗ ನೀರಿನಲ್ಲಿರುವುದು ಅರ್ಧ ಅಡಿ, ಅರ್ಧ ಇಂಚಿನ ಆಳದಲ್ಲಿ. ಟೈರಿನ ಅಂಗಾಲು ಒದ್ದೆಯಾಗುತ್ತದೆ ಅಷ್ಟೇ. ಅದನ್ನೂ ತಪ್ಪಿಸುವ ದಾರಿ ನಿಮ್ಮ ಎರಡನೆಯ ಚಿತ್ರದಲ್ಲಿದೆ. ಕಾರಿಗೆ ಸಿಕ್ಕಿಸಿದ ಟ್ರೇಲರ್ ಮೂಗು ಕೆಳಗೆ ಮಾಡಿ ನಿಂತಿದೆ, ಹಿಂಬದಿ ಮೇಲೆದ್ದಿದೆ. ಕೊಕ್ಕೆಯ ಗುಂಡು ಇರುವ ತುಂಡನ್ನು ಬದಲಿಸಿ ಗುಂಡನ್ನು ಮೂರು ಇಂಚು ಎತ್ತರಿಸಿದರೆ ಟ್ರೇಲರ್ ಮಟ್ಟವಾಗುತ್ತದೆ. ಗುಂಡಿನಿಂದ ಅಚ್ಚಿಗೆ 14 ಅಡಿ, ಅಚ್ಚಿನಿಂದ ಹಿಂಬದಿಗೆ 6 ಅಡಿ. ಏತದ ಹಾಗೆ ಮುಂದೆ ಮೂರು ಇಂಚು ಎದ್ದರೆ ಹಿಂದೆ ಒಂದೂಕಾಲು ಇಂಚು ಇಳಿಯುತ್ತದೆ. ಒಂದೂಕಾಲು ಅಡಿ ಲಾಭ, ಕಾರು ಒಣ ನೆಲದ ಮೇಲೆ. ಮಟ್ಟಕ್ಕಿಂತ ಮೇಲೆ ಮಾತ್ರ ಎತ್ತಬೇಡಿ, ಮೂಗು ಮೇಲಾದ ಟ್ರೇಲರ್ ಹೆದ್ದಾರಿಯಲ್ಲಿ ತೂರಾಡುತ್ತದೆ.

ಮೂಕಿ ಉದ್ದ ಮಾಡುವುದಕ್ಕಿಂತ ತಗ್ಗಿಸುವುದು ಮೇಲು ಎನ್ನಲು ಇನ್ನೊಂದು ಕಾರಣವಿದೆ, ನನ್ನ ಮಟ್ಟಿಗೆ ಇದೇ ದೊಡ್ಡದು. ರ‍್ಯಾಂಪಿನ ಕಾಂಕ್ರೀಟು ನೀರಿನೊಳಗೆ ಎಲ್ಲೋ ಒಂದು ಕಡೆ ಮುಗಿಯುತ್ತದೆ. ಅದರಾಚೆ ಕೆಸರು, ಇಲ್ಲವೇ ಗುಂಡಿ. ದೋಣಿಯನ್ನು ಮೋಟಾರಿನ ಬಲದಿಂದಲೇ ಟ್ರೇಲರಿಗೆ ಏರಿಸುವವರ ಪ್ರೊಪೆಲ್ಲರ್ ರಭಸಕ್ಕೆ ಕಾಂಕ್ರೀಟಿನ ಅಂಚಿನ ಮಣ್ಣು ಕೊಚ್ಚಿಹೋಗಿ ಅಲ್ಲಿ ತಗ್ಗು ಬೀಳುತ್ತದೆ, ಆ ಮಣ್ಣು ಸ್ವಲ್ಪ ಆಚೆ ದಿಬ್ಬವಾಗುತ್ತದೆ. ಈ ಸರೋವರಗಳ ನೀರಿನ ಮಟ್ಟವೂ ಒಂದೇ ಸಮ ಇರುವುದಿಲ್ಲ. ಬೇಸಿಗೆಯ ನಡುವೆ ಏರಿ ಚಳಿಗಾಲಕ್ಕೆ ಇಳಿಯುತ್ತದೆ. ವರ್ಷದಿಂದ ವರ್ಷಕ್ಕೂ ಬಹಳ ವ್ಯತ್ಯಾಸ. ಮಿಶಿಗನ್–ಹ್ಯೂರಾನ್ ಸರೋವರಗಳು 2013ರ ಜನವರಿಯಲ್ಲಿ ದಾಖಲೆಯ ಕೆಳಮಟ್ಟಕ್ಕೆ ಹೋಗಿದ್ದವು, 2020ರಲ್ಲಿ ತಿಂಗಳ ಮೇಲೆ ತಿಂಗಳು ಮೇಲ್ಮಟ್ಟದ ದಾಖಲೆ ಮುರಿದವು. ನೀರು ಇಳಿದಾಗ ರ‍್ಯಾಂಪಿನ ಇಳಿಜಾರು ಬದಲಾಗುವುದಿಲ್ಲ, ಆದರೆ ನೀರಿನ ಅಂಚಿನಿಂದ ಕಾಂಕ್ರೀಟಿನ ಕೊನೆಗೆ ಇರುವ ದೂರ ಕಿರಿದಾಗುತ್ತದೆ.

ನಿಮ್ಮ ಈಗಿನ ಲೆಕ್ಕದಲ್ಲಿ ದೋಣಿಯ ಹಿಂಬದಿ 31 ಅಡಿ ಒಳಗಿದ್ದರೆ ಟ್ರೇಲರಿನ ಚಕ್ರ 25 ಅಡಿ ಒಳಗಿರುತ್ತದೆ. ಮೂಕಿ ಎಷ್ಟೇ ಉದ್ದ ಮಾಡಿ, ಚಕ್ರ 25 ಅಡಿಗೇ ಹೋಗಬೇಕು. ಕಾರು ಒಣಗಿರುತ್ತದೆ ಅಷ್ಟೇ. ತಗ್ಗಿಸಿದರೆ ಚಕ್ರ 18 ಅಡಿಯಲ್ಲೇ ನಿಲ್ಲುತ್ತದೆ. ಆ ಏಳು ಅಡಿಯ ಬೆಲೆ ನನಗೆ ಒಂದು ಅಕ್ಟೋಬರ್ ಸಂಜೆ ಗೊತ್ತಾಯಿತು. ನನ್ನದೇ ಟ್ರೇಲರ್, ನನಗೆ ಚೆನ್ನಾಗಿ ಗೊತ್ತಿದ್ದ ರ‍್ಯಾಂಪ್. ಬೇಸಿಗೆಯ ಅಂದಾಜಿನಲ್ಲೇ ಹಿಂದಕ್ಕೆ ಹೋದೆ. ಡಬ್ ಎಂಬ ಸದ್ದು ಕೇಳಿಸಿತು, ಕಾರಿನ ಹಿಂಬದಿ ಒಮ್ಮೆ ಮೇಲೆದ್ದು ಕೂತಿತು. ಎರಡೂ ಚಕ್ರ ಅಂಚಿನಿಂದ ಕೆಳಗೆ ಬಿದ್ದಿದ್ದವು. ಆತುರದಲ್ಲಿ ಕಾರನ್ನು ಮುಂದಕ್ಕೆ ಎಳೆದೆ. ಕಾಂಕ್ರೀಟಿನ ಅಂಚು ಅಚ್ಚನ್ನು ಹಿಡಿದುಕೊಂಡಿತು, ಎಡಗಡೆಯ ಪಟ್ಟಿ ಸ್ಪ್ರಿಂಗಿನ ಕೊಂಡಿ ಹರಿಯಿತು. ಕತ್ತಲಲ್ಲಿ, ಎದೆಮಟ್ಟದ ನೀರಿನಲ್ಲಿ, ಇಬ್ಬರು ಅಪರಿಚಿತರು ಮರದ ಹಲಗೆಗಳನ್ನು ಸನ್ನೆಯಾಗಿ ಕೊಟ್ಟು ಚಕ್ರ ಎತ್ತಿಸಿದರು. ಅಂದಿನಿಂದ ಶರತ್ಕಾಲದಲ್ಲಿ ಯಾವ ರ‍್ಯಾಂಪಿಗೆ ಹೋದರೂ ಮೊದಲು ಉದ್ದನೆಯ ಕೋಲಿನಿಂದ ಕಾಂಕ್ರೀಟಿನ ಕೊನೆಯನ್ನು ತಡವಿ ನೋಡುತ್ತೇನೆ. ನೀವೂ ನೋಡಿ. ಚಕ್ರ ಬಿದ್ದೇಬಿಟ್ಟರೆ ಎಳೆಯಬೇಡಿ. ದೋಣಿಯನ್ನು ಟ್ರೇಲರಿನಿಂದ ಹೊರಗೆ ತೇಲಿಸಿ ಭಾರ ಇಳಿಸಿ, ಆಮೇಲೆ ಎತ್ತಿಸಿ.

ಈಗ ವಾರೆಯಾಗಿ ಕೂರುವ ವಿಷಯ. ಇದಕ್ಕೆ ಮುಖ್ಯ ಕಾರಣ ಟ್ರೇಲರನ್ನು ಅತಿ ಆಳಕ್ಕೆ ಇಳಿಸುವುದು. ಹಲಗೆಗಳು ಪೂರ್ತಿ ಮುಳುಗಿದರೆ ದೋಣಿ ಅವುಗಳ ಮೇಲೆ ತೇಲುತ್ತದೆ, ತೇಲುವ ದೋಣಿಯನ್ನು ಗಾಳಿ ಎತ್ತ ಬೇಕಾದರೂ ತಳ್ಳುತ್ತದೆ. ಕಾರು ಮುಂದೆ ಬಂದಾಗ ಎಲ್ಲಿತ್ತೋ ಅಲ್ಲೇ ಕೂರುತ್ತದೆ. ಹತ್ತಿಸುವಾಗ ಒಮ್ಮೆ ಹಿಂದೆ ಹೋಗಿ ಹಲಗೆಗಳನ್ನು ಪೂರ್ತಿ ಒದ್ದೆ ಮಾಡಿ, ಮತ್ತೆ ಮುಂದೆ ಬನ್ನಿ, ಹಲಗೆಗಳ ಮುಂದಿನ ಮೂರನೇ ಒಂದು ಭಾಗ ನೀರಿನ ಮೇಲೆ ಕಾಣುವಂತೆ ನಿಲ್ಲಿಸಿ. ನಮ್ಮ 24 ಅಡಿಯ ಲೆಕ್ಕವೂ ಇದಕ್ಕೆ ಹೊಂದುತ್ತದೆ. ಹಿಂತುದಿ 6 ಇಂಚು ನೀರಿನಡಿಯಲ್ಲಿ, ಅಲ್ಲಿಂದ 6 ಅಡಿ ಮುಂದೆ ಹಲಗೆ ನೀರಿನಿಂದ ಹೊರಗೆ. 9 ಅಡಿಯ ಹಲಗೆಯಲ್ಲಿ ಮೂರನೇ ಎರಡು ಭಾಗ ಮುಳುಗಿದಂತಾಯಿತು. ದೋಣಿ ತೇಲುತ್ತಾ ಬಂದು ಹಲಗೆಯ ಒಣ ಭಾಗವನ್ನು ಏರತೊಡಗಿದಾಗ ಅದರ ತಳದ ಆಕಾರವೇ ಅದನ್ನು ನಡುವಿಗೆ ತರುತ್ತದೆ. ಕೊನೆಯ ಮೂರು ನಾಲ್ಕು ಅಡಿಯನ್ನು ವಿಂಚ್ ತಿರುಗಿಸಿ ಎಳೆಯಿರಿ. ಅದು ಬೆವರು ಬರಿಸುವಷ್ಟು ಬಿಗಿಯಾಗಿದ್ದರೆ ಒಂದು ಅಡಿ ಹಿಂದಕ್ಕೆ, ತೀರಾ ಸಡಿಲವಾಗಿದ್ದರೆ ಒಂದು ಅಡಿ ಮುಂದಕ್ಕೆ.

ಇದಕ್ಕೆ ಆಸರೆಯಾಗಿ ಟ್ರೇಲರಿನ ಹಿಂತುದಿಗೆ ಎರಡು ಕಂಬ ನಿಲ್ಲಿಸಿ. ತುಕ್ಕು ಹಿಡಿಯದಂತೆ ಸತು ಲೇಪಿಸಿದ ಕಬ್ಬಿಣದ ಪೈಪು, ಅದರ ಮೇಲೆ ಪಿವಿಸಿ ಕೊಳವೆ. ಯು ಬೋಲ್ಟಿನಿಂದ ಚೌಕಟ್ಟಿಗೆ ಬಿಗಿದರೆ ತೂತು ಕೊರೆಯುವ ಕೆಲಸವೂ ಇಲ್ಲ. ಎತ್ತರ 5 ಅಡಿಯಷ್ಟಿರಲಿ. ಖಾಲಿ ಟ್ರೇಲರ್ ನೀರಿನಲ್ಲಿ ಮುಳುಗಿದಾಗ ನಿಮ್ಮ ಕನ್ನಡಿಗೆ ಕಾಣುವುದು ಈ ಎರಡು ಕಂಬಗಳು ಮಾತ್ರ, ಹಿಂದಕ್ಕೆ ಹೋಗುವಾಗ ಅವೇ ನಿಮ್ಮ ಕಣ್ಣು. ದೋಣಿ ಒಣ ನೆಲದಲ್ಲಿ ಟ್ರೇಲರಿನ ಮೇಲೆ ಸರಿಯಾಗಿ ಕೂತಿರುವಾಗ, ಎರಡೂ ಬದಿಗೆ ಒಂದೊಂದು ಇಂಚು ಬಿಡುವು ಬಿಟ್ಟು ಕಂಬಗಳನ್ನು ಬಿಗಿಯಿರಿ. ಬಹಳ ಜನ ಅಂಗೈ ಅಗಲ ಬಿಡುತ್ತಾರೆ. ಆಗ ಕಂಬ ಇದ್ದೂ ಪ್ರಯೋಜನವಿಲ್ಲ.

ವಿಂಚ್ ಕಂಬದ ಬಗ್ಗೆ ಎರಡೇ ಮಾತು. ದೋಣಿಯ ಮೂತಿಯಲ್ಲಿರುವ ಉಕ್ಕಿನ ಬಳೆ, ಮೂತಿ ತಾಗುವ ರಬ್ಬರ್ ಉರುಳೆಯ ಅಡಿಗೆ ಬಂದು ನಿಲ್ಲಬೇಕು. ಹಾಗಿದ್ದರೆ ರಸ್ತೆಯಲ್ಲಿ ಮೂತಿ ಮೇಲಕ್ಕೆ ಹಾರುವುದಿಲ್ಲ. ವಿಂಚಿನ ಪಟ್ಟಿ ಬಳೆಯ ಮಟ್ಟದಲ್ಲೇ ನೇರ ಎಳೆಯಬೇಕು. ನಿಮ್ಮದು ಈಗ ಕೆಳಕ್ಕೆ ಎಳೆಯುತ್ತಿದೆ, ಅದಕ್ಕೇ ಮೂತಿ ಹಲಗೆಗೆ ಒತ್ತಿ ಕೈ ಸೋಲುತ್ತದೆ.

ನಿಮ್ಮ ಮನೆಯವರು ನೀರಿಗೆ ಇಳಿಯುವುದನ್ನು ಮೊದಲು ನಿಲ್ಲಿಸಿ. ಏಪ್ರಿಲ್ ತಿಂಗಳಲ್ಲಿ ಆ ನೀರು ಉಸಿರು ಕಟ್ಟಿಸುತ್ತದೆ. ಪಾಚಿ ಹಿಡಿದ ಕಾಂಕ್ರೀಟಿನ ಮೇಲೆ, ಚಲಿಸುವ ಕಾರಿಗೂ ದೋಣಿಗೂ ನಡುವೆ ಮನುಷ್ಯರು ಇರಲೇಬಾರದು. ಮೂಕಿಯ ಮೇಲೆ ಅಂಗೈಗಿಂತ ಅಗಲದ, ಮರಳುಕಾಗದದಂಥ ಮೇಲ್ಮೈಯ ಎರಡು ಮೆಟ್ಟಿಲು ಪಟ್ಟಿಗಳನ್ನು ಬಿಗಿದುಬಿಡಿ. ಕಾರಿನ ಹಿಂಬದಿಯಿಂದ ಅದರ ಮೇಲೆ ಕಾಲಿಟ್ಟು ವಿಂಚಿನವರೆಗೆ ಒಣಕಾಲಿನಲ್ಲಿ ಹೋಗಬಹುದು. ದೋಣಿಯ ಮೂತಿಗೊಂದು, ಹಿಂಬದಿಗೊಂದು 20 ಅಡಿಯ ಹಗ್ಗ ಕಟ್ಟಿದ್ದರೆ ಪಕ್ಕದ ಕಟ್ಟೆಯ ಮೇಲೆ ನಿಂತೇ ದೋಣಿಯನ್ನು ತಿರುಗಿಸಬಹುದು. ಗಾಳಿ ಯಾವ ಕಡೆಯಿಂದ ಬರುತ್ತದೋ ಆ ಕಡೆಯ ಕಟ್ಟೆಯಲ್ಲಿ ನಿಂತು ಹಿಂಬದಿಯ ಹಗ್ಗ ಹಿಡಿಯಲು ಹೇಳಿ. ಎಳೆದು ಹಿಡಿಯುವುದು ತಳ್ಳುವುದಕ್ಕಿಂತ ಬಹಳ ಸುಲಭ.

ಇಷ್ಟಾದ ಮೇಲೂ ಮೂಕಿ ಉದ್ದ ಬೇಕೆನಿಸಿದರೆ ಲೆಕ್ಕ ನೋಡಿ. ದೋಣಿ, ಟ್ರೇಲರ್ ಸೇರಿ ಸುಮಾರು 1,500 ಪೌಂಡ್. ಮೂಕಿಯ ತುದಿಯಲ್ಲಿ ಈಗ 150 ಪೌಂಡ್ ಭಾರ, ಅಂದರೆ ಹತ್ತರಲ್ಲಿ ಒಂದು ಪಾಲು, ಸರಿಯಾಗಿದೆ. ಗುಂಡಿನಿಂದ ಅಚ್ಚಿಗಿರುವ 14 ಅಡಿ 18 ಆದರೆ ಆ ಭಾರ 117 ಪೌಂಡಿಗೆ ಇಳಿಯುತ್ತದೆ, ಎಂಟು ಶೇಕಡಕ್ಕಿಂತ ಕಡಿಮೆ. ಗಾಡಿ ಹೊಡೆದವರಿಗೆ ಗೊತ್ತಿರುವ ಮಾತು, ಮೂಕಿಯ ಮೇಲೆ ಭಾರ ಕಡಿಮೆಯಾದರೆ ಗಾಡಿ ಓಲಾಡುತ್ತದೆ. ಗಂಟೆಗೆ 60 ಮೈಲಿಯಲ್ಲಿ ಆ ಓಲಾಟ ಕಾರನ್ನೇ ಎಳೆದಾಡುತ್ತದೆ. ಭಾರ ಇಳಿದರೂ ಮೂಕಿ ಬಾಗುವ ಒತ್ತಡ ಏರುತ್ತದೆ. ಮುಂದಿನ ಅಡ್ಡತೊಲೆ ಗುಂಡಿನಿಂದ 5 ಅಡಿ ಇದ್ದದ್ದು 9 ಅಡಿಯಾಗುತ್ತದೆ. 150ನ್ನು 5ರಿಂದ ಗುಣಿಸಿದರೆ 750, 117ನ್ನು 9ರಿಂದ ಗುಣಿಸಿದರೆ 1,053. ನಿಂತಲ್ಲೇ ನೂರಕ್ಕೆ ನಲವತ್ತು ಹೆಚ್ಚು, ಗುಂಡಿ ಹಾರಿದಾಗ ಇನ್ನಷ್ಟು. ಟ್ರೇಲರಿನ ಎಡಬದಿಯ ಮುಂಭಾಗದಲ್ಲಿರುವ ಫಲಕ ಹೇಳುವ ತೂಕ, ತಯಾರಕರು ಕೊಟ್ಟ ಮೂಕಿಯ ಉದ್ದಕ್ಕೆ ಹೇಳಿದ್ದು. ಅದರ ಮೇಲೆ ಸತು ಲೇಪಿಸಿದ ಕಬ್ಬಿಣಕ್ಕೆ ವೆಲ್ಡಿಂಗ್ ಮಾಡಿದರೆ ಏಳುವ ಹೊಗೆ ಜ್ವರ ಬರಿಸುತ್ತದೆ, ಬೆಸುಗೆಯ ಸುತ್ತ ಲೇಪನ ಸುಟ್ಟು ತುಕ್ಕು ಅಲ್ಲಿಂದಲೇ ಶುರುವಾಗುತ್ತದೆ.

ಬೇಕೇ ಬೇಕೆಂದರೆ ಒಳಗೊಳಗೆ ಜಾರುವ ಪೈಪಿನ ಮೂಕಿ ಹಾಕಿಸಿ. ರ‍್ಯಾಂಪಿನಲ್ಲಿ ಮಾತ್ರ ಹೊರಗೆ ಎಳೆದು ಬಳಸಿ, ರಸ್ತೆಗೆ ಬರುವ ಮೊದಲು ಒಳಗೆ ತಳ್ಳಿ ದಪ್ಪ ಪಿನ್ನು ಹಾಕಬೇಕು. ಎಳೆಯುವ ಮುನ್ನ ಟ್ರೇಲರ್ ಚಕ್ರಗಳಿಗೆ ಅಡ್ಡಗಟ್ಟೆ ಕೊಡಲೇಬೇಕು. ದೀಪದ ತಂತಿಗೂ ಸರಪಣಿಗೂ ಸಾಕಷ್ಟು ಸಡಿಲ ಇರಬೇಕು. ನನ್ನ ಅಭಿಪ್ರಾಯದಲ್ಲಿ ನಿಮಗೆ ಅದರ ಅಗತ್ಯ ಬೀಳುವುದಿಲ್ಲ.

ಪೂರ್ತಿ ರೋಲರ್ ನಿಮ್ಮ ದೋಣಿಗೆ ಬೇಡ. ರಿವೆಟ್ ಹೊಡೆದ ತೆಳು ಅಲ್ಯೂಮಿನಿಯಂ ತಳಕ್ಕೆ ಭಾರ ಹಲವು ಚುಕ್ಕಿಗಳಲ್ಲಿ ಬೀಳುವುದಕ್ಕಿಂತ ಉದ್ದ ಹಲಗೆಯ ಮೇಲೆ ಹರಡುವುದೇ ಒಳ್ಳೆಯದು. ಹಿಂದಿನ ಅಡ್ಡತೊಲೆಯ ನಡುವೆ ಪಾಲಿಯುರೆಥೇನಿನ ಒಂದು ರೋಲರ್ ಮಾತ್ರ ಹಾಕಿ. ಕಪ್ಪು ರಬ್ಬರಿನದು ಬಿಸಿಲಿಗೆ ಬಿರಿಯುತ್ತದೆ. ದೋಣಿ ಹತ್ತುವಾಗ ಏಣು ಮೊದಲು ಅದನ್ನು ಮುಟ್ಟಲಿ, ಕೂತ ಮೇಲೆ ರೋಲರ್ ಕೈಯಲ್ಲಿ ತಿರುಗುವಷ್ಟು ಸಡಿಲವಿರಲಿ.

ಚಕ್ರದ ಗುಂಬದೊಳಗಿನ ಬೇರಿಂಗುಗಳನ್ನೂ ಮರೆಯಬೇಡಿ. ಹೆದ್ದಾರಿಯಲ್ಲಿ ಓಡಿ ಬಿಸಿಯಾದ ಗುಂಬವನ್ನು ತಣ್ಣೀರಿಗೆ ಇಳಿಸಿದರೆ ಒಳಗಿನ ಗಾಳಿ ಕುಗ್ಗಿ, ಹಿಂದಿನ ಸೀಲಿನಿಂದ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ರ‍್ಯಾಂಪಿಗೆ ಬಂದ ಮೇಲೆ ಸಾಮಾನು ಜೋಡಿಸಿ, ತಳದ ಬಿರಡೆ ಹಾಕಿ, ಗುಂಬದ ಮೇಲೆ ಅಂಗೈ ಇಟ್ಟು ನೋಡಿ, ಉಗುರು ಬೆಚ್ಚಗಾದ ಮೇಲೆ ಇಳಿಸಿ. ಸ್ಪ್ರಿಂಗಿನ ಒತ್ತಡದಲ್ಲಿ ಗ್ರೀಸ್ ತುಂಬಿಡುವ ಮುಚ್ಚಳಗಳು ಸಿಗುತ್ತವೆ, ಹಾಕಿಸಿಕೊಳ್ಳಿ. ದೀಪಗಳು ಹಳೆಯ ಬಲ್ಬಿನವಾಗಿದ್ದರೆ ನೀರು ಹೊಗದ ಎಲ್‌ಇಡಿಗೆ ಬದಲಿಸಿ, ಬಿಳಿ ತಂತಿ ಚೌಕಟ್ಟಿಗೆ ತಾಗುವ ಜಾಗವನ್ನು ಕೆರೆದು ಶುಚಿ ಮಾಡಿ. ಮಿಣುಕುವ ದೀಪಗಳಲ್ಲಿ ಹೆಚ್ಚಿನವಕ್ಕೆ ಅಲ್ಲೇ ರೋಗ.

ನುಣುಪು ಪಟ್ಟಿಗೆ ಇನ್ನೊಂದು ಗುಣವಿದೆ, ಅದು ಬೇಗ ಒಣಗುತ್ತದೆ. ಜೀಬ್ರಾ ಮಸೆಲ್ ಎಂಬ ಹೊರನಾಡಿನ ಚಿಪ್ಪುಜೀವಿ ಉತ್ತರ ಅಮೆರಿಕದಲ್ಲಿ ಮೊದಲು ಪತ್ತೆಯಾದದ್ದು ನಿಮ್ಮ ಸೇಂಟ್ ಕ್ಲೇರ್ ಸರೋವರದಲ್ಲೇ, 1988ರಲ್ಲಿ. ದೋಣಿ, ಟ್ರೇಲರುಗಳ ಮೂಲಕ ಎಷ್ಟೋ ಒಳನಾಡಿನ ಕೆರೆಗಳಿಗೆ ಅದು ಹರಡಿದೆ. 2019ರ ಮಾರ್ಚ್‌ನಿಂದ ಮಿಶಿಗನ್ನಿನಲ್ಲಿ ರಸ್ತೆಗೆ ಇಳಿಯುವ ಮೊದಲು ಬಿರಡೆ ತೆಗೆದು ನೀರು ಬಸಿಯುವುದು, ಅಂಟಿದ ಕಳೆ ಕಿತ್ತುಹಾಕುವುದು ಕಾನೂನು. ಒದ್ದೆ ರತ್ನಗಂಬಳಿ ದಿನಗಟ್ಟಲೆ ಹಸಿಯಾಗಿರುತ್ತದೆ. ಬೇರೆ ಕೆರೆಗೆ ಹೋಗುವ ಯೋಚನೆ ಇದ್ದರೆ ಈ ಕಾರಣಕ್ಕಾದರೂ ಅದನ್ನು ತೆಗೆಯಿರಿ.

ಹಲಗೆ ಇಳಿಸಿ, ಪಟ್ಟಿ ಜಡಿದು, ಗುಂಡು ಎತ್ತರಿಸಿದ ಮೇಲೆ ಗಾಳಿಯಿಲ್ಲದ ಒಂದು ವಾರದ ದಿನ, ಜನ ಇಲ್ಲದ ಹೊತ್ತಿನಲ್ಲಿ ರ‍್ಯಾಂಪಿಗೆ ಹೋಗಿ. ನಾಲ್ಕಾರು ಸಲ ಇಳಿಸಿ ಹತ್ತಿಸಿ. ದೋಣಿ ಹಿಡಿಸಿದಂತೆ ಬಂದು ಕೂತ ಸಲ, ನೀರು ಆ ಪಿವಿಸಿ ಕಂಬದ ಯಾವ ಎತ್ತರಕ್ಕೆ ಬಂದಿತ್ತೋ ಅಲ್ಲಿ ಕೆಂಪು ಟೇಪು ಸುತ್ತಿ. ಮುಂದೆ ಯಾವ ರ‍್ಯಾಂಪಿಗೆ ಹೋದರೂ ಮೊದಲು ಟೇಪಿನ ತನಕ ನೀರು ಬರುವಂತೆ ನಿಲ್ಲಿಸಿ, ಇಳಿಜಾರು ಬೇರೆಯಾದರೆ ಅಲ್ಲಿಂದ ಅರ್ಧ ಅಡಿ ಆಚೀಚೆ ಸರಿಪಡಿಸಿಕೊಂಡರೆ ಆಯಿತು. ಆ ದಿನ ಕಾರಿನ ಚಕ್ರ ಎಲ್ಲಿತ್ತು ಎಂಬುದನ್ನೂ ಅಳೆದು ಬರೆಯಿರಿ. ಮೂಕಿಯ ಮಾತು ಇನ್ನೂ ಉಳಿದಿದ್ದರೆ ಆ ಅಳತೆ ನೋಡಿಕೊಂಡು ಆಡೋಣ.